ಕುಡಿದು ಕಾರು ಓಡಿಸಿ ಶಿಕ್ಷೆಯಾದ ಮೇಲೆ ಪಿಸ್ತೂಲು ಪರವಾನಗಿ ಮರಳಿ ಪಡೆಯುವುದು: ಟೆಕ್ಸಾಸ್ ಅನುಭವಗಳು

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ನೆಲೆಸಿರುವ ಅಮೆರಿಕದ ಪ್ರಜೆ. ಮೂರು ವರ್ಷಗಳ ಹಿಂದೆ ಕುಡಿದು ಕಾರು ಓಡಿಸಿದ್ದಕ್ಕೆ ಮೊದಲ ಬಾರಿ ಶಿಕ್ಷೆಯಾಗಿ, ಪಿಸ್ತೂಲು ಜೊತೆಯಲ್ಲಿಟ್ಟುಕೊಳ್ಳುವ ಪರವಾನಗಿಯೂ ರದ್ದಾಯಿತು. ಎರಡು ವರ್ಷ ಕಳೆದರೆ ಸಾಕೆಂದು ಕೆಲವರು, ಐದು ವರ್ಷ ಬೇಕೆಂದು ಕೆಲವರು ಹೇಳುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ಮಾನ್ಯರೇ, ನೀವು ಕೇಳಿದ ಎರಡು ಲೆಕ್ಕಗಳೂ ಕಾನೂನಿನಲ್ಲಿವೆ; ಎರಡೂ ಒಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನು ತಿಳಿಯದೆ ನಾನು ಒಮ್ಮೆ ಎಡವಿದ್ದೇನೆ. ಪರವಾನಗಿ ರದ್ದಾದ ದಿನದಿಂದ ಎರಡು ವರ್ಷ ಕಳೆದ ಮೇಲೆ ಹೊಸ ಅರ್ಜಿದಾರರಂತೆ ಅರ್ಜಿ ಹಾಕಬಹುದು, ಆದರೆ ರದ್ದತಿಗೆ ಕಾರಣವಾದ ಅನರ್ಹತೆ ಅಷ್ಟರಲ್ಲಿ ತೀರಿರಬೇಕು; ತೀರಿರದಿದ್ದರೆ, ಅದು ತೀರಿದ ಮೇಲೆ ಮತ್ತೆ ಎರಡು ವರ್ಷ ಕಳೆಯಬೇಕು. ಅರ್ಜಿಯ ಹಿಂದಿನ ಐದು ವರ್ಷಗಳಲ್ಲಿ ಕ್ಲಾಸ್ ಎ ಅಥವಾ ಕ್ಲಾಸ್ ಬಿ ಮಿಸ್‌ಡಿಮೀನರ್‌ನಲ್ಲಿ (ಫೆಲನಿ ಎಂಬ ಘೋರ ಅಪರಾಧಕ್ಕಿಂತ ಕೆಳಗಿನ ದರ್ಜೆಯ ಅಪರಾಧ; ಅದರಲ್ಲಿ ಎ ಹೆಚ್ಚು ಗಂಭೀರ) ಶಿಕ್ಷೆಯಾಗಿದ್ದರೆ ಅರ್ಹತೆಯಿಲ್ಲ. ಮೊದಲ ಸಲದ ಡಿಡಬ್ಲ್ಯುಐ (ಕುಡಿದು ವಾಹನ ಓಡಿಸುವ ಅಪರಾಧ) ಸಾಮಾನ್ಯವಾಗಿ ಕ್ಲಾಸ್ ಬಿ, ರಕ್ತದಲ್ಲಿನ ಮದ್ಯಾಂಶ ಶೇಕಡಾ 0.15 ಮುಟ್ಟಿದ್ದರೆ ಕ್ಲಾಸ್ ಎ. ಆದ್ದರಿಂದ ನಮ್ಮಂಥವರ ಪಾಲಿಗೆ ಮೊದಲು ಐದು ವರ್ಷ, ಅದರ ಮೇಲೆ ಮತ್ತೆ ಎರಡು ವರ್ಷ.

ಆ ಐದು ವರ್ಷವನ್ನು ಎಲ್ಲಿಂದ ಎಣಿಸಬೇಕು ಎಂಬಲ್ಲಿ ನಾನು ತಪ್ಪಿದೆ. ಪೊಲೀಸರು ಹಿಡಿದ ರಾತ್ರಿಯಿಂದ ಎಣಿಸಿ ಅರ್ಜಿ ಹಾಕಿದೆ. ಮೊಕದ್ದಮೆ 14 ತಿಂಗಳು ನಡೆದಿತ್ತು, ಕಾನೂನು ನೋಡುವುದು ತೀರ್ಪಿನ ದಿನವನ್ನು, ಅರ್ಜಿ ತಿರಸ್ಕೃತವಾಯಿತು. ನೋಟಿಸ್ ತಲುಪಿದ 30 ದಿನಗಳೊಳಗೆ ಜಸ್ಟೀಸ್ ಕೋರ್ಟ್ ಎಂಬ ಸ್ಥಳೀಯ ಕೆಳ ನ್ಯಾಯಾಲಯದಲ್ಲಿ ವಿಚಾರಣೆ ಕೋರಬಹುದಿತ್ತು, ಆದರೆ ತಾರೀಕೇ ನನಗೆ ವಿರುದ್ಧವಾಗಿದ್ದುದರಿಂದ ಕೋರಲಿಲ್ಲ. ನೀವು ಮೊದಲು ಕೌಂಟಿ ಕ್ಲರ್ಕ್ ಕಚೇರಿಯಿಂದ ತೀರ್ಪಿನ ದೃಢೀಕೃತ ಪ್ರತಿಯನ್ನು ತರಿಸಿ, ಅದರಲ್ಲಿರುವ ತಾರೀಕಿನಿಂದಲೇ ಎಣಿಸಿ. ಎರಡನೆಯ ಸಲ ನಾನು ಆ ಪ್ರತಿಯನ್ನೂ ಲಗತ್ತಿಸಿ, ನಡೆದುದನ್ನು ಏನೂ ಮುಚ್ಚಿಡದೆ ಬರೆದೆ. ತರಗತಿ, 50 ಗುಂಡುಗಳ ಗುರಿ ಪರೀಕ್ಷೆ, ಬೆರಳಚ್ಚು, 40 ಡಾಲರ್ ಶುಲ್ಕ, ಎಲ್ಲವನ್ನೂ ಹೊಸದಾಗಿ ಪೂರೈಸಬೇಕಾಯಿತು. ಪರವಾನಗಿ ಬಂತು.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಪರವಾನಗಿಯಿಲ್ಲದೆಯೂ ಪಿಸ್ತೂಲು ಒಯ್ಯಬಹುದಾಗಿರುವುದರಿಂದ ಇಷ್ಟೆಲ್ಲ ಏಕೆ ಎಂದು ಗೆಳೆಯರು ಕೇಳುತ್ತಾರೆ. ಶಾಲೆಯ ಆವರಣದಿಂದ 1,000 ಅಡಿಯೊಳಗೆ ಬಂದೂಕು ಹೊಂದುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ರಾಜ್ಯವೇ ಕೊಟ್ಟ ಪರವಾನಗಿ ಉಳ್ಳವರಿಗೆ ಅದರಲ್ಲಿ ವಿನಾಯಿತಿಯಿದೆ. ಮಗಳನ್ನು ದಿನವೂ ಶಾಲೆಗೆ ಬಿಡುವ ನನಗೆ ಇದು ದೊಡ್ಡ ವಿಷಯ. ಹತ್ತು ವರ್ಷಗಳಲ್ಲಿ ಕುಡಿದು ಓಡಿಸಿದ್ದಕ್ಕೆ ಎರಡು ಶಿಕ್ಷೆಗಳಾದರೆ ವ್ಯಸನಿ ಎಂದು ಪರಿಗಣಿಸಿ ಅನರ್ಹಗೊಳಿಸುತ್ತಾರೆ. ಮೂರನೆಯ ಡಿಡಬ್ಲ್ಯುಐ ಫೆಲನಿಯಾಗಿ, ಬಂದೂಕು ಇಟ್ಟುಕೊಳ್ಳುವುದನ್ನೇ ಕೇಂದ್ರ ಕಾನೂನು ನಿಷೇಧಿಸುತ್ತದೆ. ನಾನು ಕುಡಿಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ನಿಮ್ಮನ್ನೂ ಅದನ್ನೇ ಕೇಳಿಕೊಳ್ಳುತ್ತೇನೆ.

ಎರಡನೆಯ ಉತ್ತರ: ಮೇಲಿನವರು ಹೇಳಿದ್ದಕ್ಕೆ ನಮ್ಮ ಮನೆಯವರ ಅನುಭವವನ್ನು ಸೇರಿಸುತ್ತೇನೆ. 2019ರ ಸೆಪ್ಟೆಂಬರ್‌ನಿಂದ ಮೊದಲ ಸಲದ ಕೆಲವು ಡಿಡಬ್ಲ್ಯುಐ ಪ್ರಕರಣಗಳಲ್ಲಿ ಡೆಫರ್ಡ್ ಅಡ್ಜುಡಿಕೇಷನ್ (ಅಪರಾಧಿಯೆಂದು ತೀರ್ಪು ಕೊಡುವುದನ್ನು ಮುಂದಕ್ಕೆ ಹಾಕಿ, ಷರತ್ತುಗಳನ್ನು ಪಾಲಿಸಿದರೆ ಪ್ರಕರಣ ಕೈಬಿಡುವ ವ್ಯವಸ್ಥೆ) ಸಿಗುತ್ತದೆ, ಅವರಿಗೂ ಸಿಕ್ಕಿತು. ಶಿಕ್ಷೆಯೇ ಆಗಿಲ್ಲವೆಂದು ಭಾವಿಸಿ ಅರ್ಜಿ ತುಂಬಲು ಕುಳಿತಾಗಲೇ, ಪರವಾನಗಿಯ ಕಾನೂನು ಅದನ್ನೂ ಶಿಕ್ಷೆಯೆಂದೇ ಎಣಿಸುತ್ತದೆ ಎಂಬುದು ತಿಳಿದದ್ದು. ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವ ನಮ್ಮವರೂ ಇದನ್ನು ಓದುತ್ತಿರಬಹುದು: ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಂಥವರು ಬಂದೂಕು ಹೊಂದುವುದೇ ಕೇಂದ್ರ ಕಾನೂನಿನಡಿ ಅಪರಾಧ. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇದ್ದವರಿಗೆ ಆ ನಿಷೇಧವಿಲ್ಲ.