ಮಂಡ್ಯ–ಬೆಂಗಳೂರು ದಿನಾ ರೈಲು, ಎಂ.ಜಿ. ರಸ್ತೆಯಲ್ಲಿ ಹೊಸ ಕೆಲಸ: ಪಾಸು, ಗಾಡಿ, ಟೈಮು ಹೇಗೆ ಹೊಂದಿಸೋದು?

ಬೇವಿನಮರ ಕೇಳಿದ್ದು:

ಮುಂದಿನ ಸೋಮವಾರ ಎಂ.ಜಿ. ರಸ್ತೆ ಹತ್ತಿರದ ಆಫೀಸೊಂದರ ಅಕೌಂಟ್ಸ್ ವಿಭಾಗಕ್ಕೆ ಸೇರ್ತಾ ಇದ್ದೀನಿ. ಮನೆ ಮಂಡ್ಯ, ಸ್ಟೇಷನ್ನಿಗೆ ನಡೆಯೋ ದೂರ. ಸದ್ಯಕ್ಕೆ ಪಿ.ಜಿ. ಬೇಡ, ಓಡಾಡ್ಕೊಂಡೇ ಮಾಡು ಅಂತಾರೆ ಮನೇಲಿ. ಆಫೀಸು 9:30ರಿಂದ 6:00, ಆರು ತಿಂಗಳು ಪ್ರೊಬೇಷನ್, ಬೆರಳಚ್ಚು ಹಾಜರಿ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದರೆ ಆಗುತ್ತಾ? ಪಾಸು ಆ್ಯಪಲ್ಲಿ ತಗೊಳ್ಳೋದಾ, ಕೌಂಟರಲ್ಲಾ? ಒಂದು ತಿಂಗಳಿಗಾ, ಮೂರು ತಿಂಗಳಿಗಾ? ಕೆಂಗೇರೀಲಿ ಇಳಿದು ಮೆಟ್ರೊ ಹತ್ತೋದು ಬೇಗ ಅಂತಾರೆ, ನಿಜಾನಾ? ಊಟದ ಡಬ್ಬಿ ಮಧ್ಯಾಹ್ನದವರೆಗೆ ಕೆಡದೇ ಇರೋದಕ್ಕೂ ಏನಾದ್ರೂ ಉಪಾಯ ಇದ್ದರೆ ಹೇಳಿ.

ಔಟರ್‌ಸಿಗ್ನಲ್:

ಬೆಳಗಿನ ಗಾಡಿಯಿಂದ ಲೆಕ್ಕ ಹಾಕಬೇಡಿ, ಸಂಜೆಯದರಿಂದ ಹಾಕಿ. ಬೆಳಿಗ್ಗೆ ಒಂದು ತಪ್ಪಿದರೆ ಬಸ್ಸಾದರೂ ಇದೆ, ಹೆಚ್ಚೆಂದರೆ ಅರ್ಧ ದಿನದ ರಜೆ ಹೋಗುತ್ತೆ. ಸಂಜೆ ತಪ್ಪಿದರೆ ಮನೆ ಸೇರೋದು ರಾತ್ರಿ. ಮರುದಿನ ನಿದ್ದೆಗೆಟ್ಟು ಬೆಳಗಿನದೂ ತಪ್ಪುತ್ತೆ. ಮಂಡ್ಯ–ಮದ್ದೂರು ಕಡೆಯವರು ಕೆಲಸ ಬಿಡೋದು ಹೆಚ್ಚಾಗಿ ಸಂಜೆಯ ಕಾಟಕ್ಕೇ.

ಚಾಮುಂಡಿ (16216) ಸಂಜೆ ಆರು ದಾಟಿದ ಮೇಲೆ ಬೆಂಗಳೂರು ಬಿಡುತ್ತೆ. ನಿಮಿಷದ ಲೆಕ್ಕ ಗಾಡಿ ಎಲ್ಲಿದೆ ಅಂತ ತೋರಿಸೋ ರೈಲ್ವೆ ಆ್ಯಪ್ ಎನ್‌ಟಿಇಎಸ್‌ನಲ್ಲಿ ನೋಡಿಕೊಳ್ಳಿ, ವೇಳಾಪಟ್ಟಿ ಆಗಾಗ ಬದಲಾಗುತ್ತೆ. ಅಲ್ಲಿಂದಲೇ ಹೊರಡೋ ಗಾಡಿ, ಆದ್ದರಿಂದ ಕೂರಬೇಕು ಅಂದರೆ 20–25 ನಿಮಿಷ ಮೊದಲು ಪ್ಲಾಟ್‌ಫಾರಂನಲ್ಲಿರಬೇಕು. ಎಂ.ಜಿ. ರಸ್ತೆಯಿಂದ ಮೆಟ್ರೊ, ಬ್ಯಾಗ್ ತಪಾಸಣೆಯ ಸಾಲು, ಮೆಟ್ಟಿಲು ಎಲ್ಲ ಸೇರಿ 35–40 ನಿಮಿಷ ಇಟ್ಟುಕೊಳ್ಳಿ. ಅಂದರೆ ಐದೂಕಾಲಿಗೆ ಕುರ್ಚಿ ಬಿಡಬೇಕು. ನಿಮ್ಮ ಆರು ಗಂಟೆ ಡ್ಯೂಟಿಗೆ ಚಾಮುಂಡಿ ಸಿಗೋದೇ ಇಲ್ಲ.

ಬೆಳಿಗ್ಗೆಯೂ ಅಷ್ಟೇ. ಚಾಮುಂಡಿ (16215) ಬೆಂಗಳೂರು ಮುಟ್ಟೋದು ಒಂಬತ್ತು ದಾಟಿದ ಮೇಲೆ, 9:30ಕ್ಕೆ ಬೆರಳು ಒತ್ತೋಕೆ ಆಗಲ್ಲ. ಹಾಗಾಗಿ ಎರಡೇ ದಾರಿ. ಒಂದು, ಅದಕ್ಕಿಂತ ಮುಂಚಿನ ಗಾಡೀಲಿ ಹೋಗಿ 8:45ರಿಂದ 5:15 ಶಿಫ್ಟು ಕೇಳೋದು. ಇನ್ನೊಂದು, ಬೆಳಿಗ್ಗೆ ಚಾಮುಂಡಿಗೇ ಹೋಗಿ 10:15ರಿಂದ 6:45 ಕೇಳಿ, ಸಂಜೆ ತಡವಾದ ಗಾಡಿಗೆ ಬರೋದು. ನನ್ನನ್ನು ಕೇಳಿದರೆ ಮೊದಲನೆಯದು. ನಸುಕಿನ ಗಾಡೀಲಿ ನೂಕುನುಗ್ಗಲು ಕಮ್ಮಿ, ತಾಸು ನಿದ್ದೆ ಹೊಡೆಯಬಹುದು, ಗಾಡಿ ಅರ್ಧ ಗಂಟೆ ತಡ ಆದರೂ ಹಾಜರಿ ಉಳಿಯುತ್ತೆ.

ಎಚ್‌.ಆರ್.ಗೆ ಮೊದಲ ವಾರವೇ ಮೇಲ್ ಹಾಕಿ. ‘ಮನೆ ದೂರ’ ಅಂತ ಬರೆದರೆ ‘ಹತ್ತಿರ ರೂಮ್ ಮಾಡಿ’ ಅಂತ ಉತ್ತರ ಬರುತ್ತೆ. ಬರೋ ಹೊತ್ತು, ಹೋಗೋ ಹೊತ್ತು, ಒಟ್ಟು ಗಂಟೆ ಕಮ್ಮಿ ಆಗಲ್ಲ ಅನ್ನೋದು, ಈ ಮೂರು ಸಾಲು ಸಾಕು. ಮ್ಯಾನೇಜರ್ ಬಾಯಿಮಾತಲ್ಲಿ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದದ್ದು ಹಾಜರಿ ಯಂತ್ರಕ್ಕೆ ಗೊತ್ತಾಗಲ್ಲ, ಶಿಫ್ಟ್ ಸಮಯ ಸಿಸ್ಟಮ್‌ನಲ್ಲೇ ಬದಲಾಗಬೇಕು. ಗಾಡಿ ತಡವಾದ ದಿನ ಎನ್‌ಟಿಇಎಸ್ ಪರದೆಯ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಟ್ಟು ಹಾಜರಿ ತಿದ್ದುಪಡಿಗೆ ಲಗತ್ತಿಸಿ. ವಾರ ಬಿಟ್ಟು ಹುಡುಕಿದರೆ ಸಿಗಲ್ಲ.

ಅಕೌಂಟ್ಸ್ ಅಂದಿರಿ, ಅದಕ್ಕೇ ಇನ್ನೊಂದು ಮಾತು. ತಿಂಗಳ 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟೋದು, ಜಿಎಸ್‌ಟಿ ರಿಟರ್ನ್‌ಗಳಲ್ಲಿ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಈ ತಾರೀಖುಗಳ ಹಿಂದಿನ ದಿನ ಐದೂಕಾಲಿಗೆ ಎದ್ದು ಹೋಗೋದು ಕನಸು. ಅವತ್ತಿನ ರಾತ್ರಿಗೆ ಬೆಂಗಳೂರಲ್ಲಿ ನೆಂಟರ ಮನೆಯೋ ಗೆಳತಿಯ ಪಿ.ಜಿ.ಯೋ ಈಗಲೇ ಗೊತ್ತು ಮಾಡಿಡಿ. ಮಾರ್ಚ್ ಕೊನೆಯ ವಾರದ ಮಾತೇ ಬೇಡ.

ಪಾಸ್‌ಪುಟ್ಟಣ್ಣ:

ಪಾಸಿನ ವಿಚಾರ ನಾನು ಹೇಳ್ತೀನಿ.

ಮಂಡ್ಯದಿಂದ ಬೆಂಗಳೂರು ಸುಮಾರು 93 ಕಿ.ಮೀ. ಪಾಸು ಕೊಡೋದು 150 ಕಿ.ಮೀ.ವರೆಗೆ, ಹಾಗಾಗಿ ತೊಂದರೆ ಇಲ್ಲ. ಮೂರು ತಿಂಗಳ ಪಾಸಿಗೆ ತಿಂಗಳ ದರದ 2.7 ಪಟ್ಟು, ಆರು ತಿಂಗಳಿಗೆ 5.4, ವರ್ಷಕ್ಕೆ 10.8. ಉಳಿತಾಯ ಇದೆ, ಆದರೆ ಮಧ್ಯದಲ್ಲಿ ಕೆಲಸ ಬಿಟ್ಟರೂ ಪಿ.ಜಿ. ಸೇರಿದರೂ ಪಾಸಿನ ದುಡ್ಡು ವಾಪಸ್ ಬರಲ್ಲ. ಮೊದಲನೆಯದು ತಿಂಗಳಿನದೇ ತಗೊಳ್ಳಿ.

ಆ್ಯಪಲ್ಲಿ (ಈಗ ರೈಲ್ವೆಯ ರೈಲ್‌ಒನ್, ಹಿಂದೆ ಯುಟಿಎಸ್ ಇತ್ತು) ತೆಗೆದ ಪಾಸು ಮರುದಿನದಿಂದ ಜಾರಿಗೆ ಬರುತ್ತೆ. ಎಡವೋದು ಇಲ್ಲೇ. ಸೋಮವಾರ ಬೆಳಿಗ್ಗೆ ತೆಗೆದು ಅವತ್ತೇ ಹತ್ತಿದರೆ ನೀವು ಟಿಕೆಟ್ ಇಲ್ಲದವರು, ದಂಡವೇ ಕನಿಷ್ಠ 250 ರೂ., ಜೊತೆಗೆ ಪ್ರಯಾಣದರ. ಭಾನುವಾರವೇ ತೆಗೆದಿಡಿ. ಗುರುತಿನ ಚೀಟಿ ನಂಬರು ಕೇಳುತ್ತೆ, ಯಾವ ಚೀಟಿಯ ನಂಬರು ಕೊಟ್ಟಿರೋ ಅದೇ ಚೀಟಿ ಪರ್ಸಲ್ಲಿರಲಿ. ನವೀಕರಣ ಮುಗಿಯೋಕೆ 10 ದಿನ ಇರುವಾಗಲೇ ಮಾಡಿಸಬಹುದು.

ಮೊಬೈಲ್ ಪಾಸನ್ನು ಆ್ಯಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯಲ್ಲ. ಬ್ಯಾಟರಿ ಸತ್ತರೆ ಪಾಸೂ ಸತ್ತ ಹಾಗೆ. ಫೋನ್ ಬದಲಾಯಿಸೋ ಯೋಚನೆ ಇದ್ದರೆ ಪಾಸು ಮುಗಿಯೋ ಹೊತ್ತಿಗೆ ಇಟ್ಟುಕೊಳ್ಳಿ. ಇಷ್ಟೆಲ್ಲ ಯಾರು ನೋಡ್ತಾರೆ ಅನ್ನೋರಿಗೆ ಕೌಂಟರಿನ ಕಾಗದದ ಪಾಸೇ ಸುಖ. ಒಂದು ಪ್ಲಾಸ್ಟಿಕ್ ಕವರ್ ಹಾಕಿಡಿ, ಇಲ್ಲಾಂದ್ರೆ ಹದಿನೈದು ದಿನಕ್ಕೆ ಮಸಿ ಅಳಿಸಿ ಓದೋಕೆ ಬರಲ್ಲ.

ಗಾಡಿ ನಂಬರು 12, 20, 22ರಿಂದ ಶುರುವಾದರೆ ಸೂಪರ್‌ಫಾಸ್ಟ್. ಒಡೆಯರ್ ಎಕ್ಸ್‌ಪ್ರೆಸ್ (12613/12614, 2022ರವರೆಗೆ ಟಿಪ್ಪು ಎಕ್ಸ್‌ಪ್ರೆಸ್) ಅಂಥದ್ದು. ಬರೀ ಪಾಸಲ್ಲಿ ಅದನ್ನು ಹತ್ತೋ ಹಾಗಿಲ್ಲ, ಮೇಲೆ ಸೂಪರ್‌ಫಾಸ್ಟ್ ಶುಲ್ಕ ಕಟ್ಟಿರಬೇಕು. ಚಾಮುಂಡಿ 16ರದ್ದು, ಹೆಚ್ಚುವರಿ ಏನೂ ಇಲ್ಲ. ಡಿ1, ಡಿ2 ಅಂತ ಬರೆದಿರೋ ರಿಸರ್ವೇಷನ್ ಬೋಗಿ ಖಾಲಿ ಹೊಡೀತಿದ್ದರೂ ಪಾಸಿನವರು ಕೂರಬಾರದು. ಟಿ.ಟಿ. ಬಂದಾಗ ‘ಖಾಲಿ ಇತ್ತು ಸಾರ್’ ಅಂದರೆ ಕೇಳಲ್ಲ.

ಕರ್ಚೀಫು, ಪೇಪರು ಹಾಕಿ ಸೀಟು ಹಿಡಿಯೋ ಗುಂಪುಗಳು ಎಲ್ಲ ಬೋಗೀಲೂ ಇವೆ. ಪಾಸಿಗೆ ಸೀಟಿನ ಹಕ್ಕು ಇಲ್ಲ, ಅವರಿಗೂ ಇಲ್ಲ. ಮೊದಲ ವಾರ ಜಗಳಕ್ಕೆ ಹೋಗದೆ ಮಹಿಳಾ ಬೋಗಿ ನೋಡಿಕೊಳ್ಳಿ. ಒಂದೇ ಬಾಗಿಲಲ್ಲಿ ದಿನಾ ಹತ್ತಿದರೆ ಮುಖಪರಿಚಯ ಆಗಿ ಅವರೇ ‘ಬಾಮ್ಮ, ಕೂತ್ಕೋ’ ಅಂತಾರೆ.

ನೇರಳೆ_ಲೈನ್:

ಕೆಂಗೇರಿ ಉಪಾಯದಿಂದ ನಿಮಗೆ ಉಪಯೋಗ ಇಲ್ಲ. ಕೆಂಗೇರಿ ರೈಲು ನಿಲ್ದಾಣ, ಮೆಟ್ರೊ ನಿಲ್ದಾಣ ಅಂಟಿಕೊಂಡಿಲ್ಲ. ಆಟೊ ಹಿಡಿದು, ಮತ್ತೆ ಮೆಟ್ರೊದಲ್ಲಿ ಮುಕ್ಕಾಲು ಗಂಟೆ. ರಾಜರಾಜೇಶ್ವರಿ ನಗರ, ಮೈಸೂರು ರಸ್ತೆ ಕಡೆ ಆಫೀಸಿದ್ದವರಿಗೆ ಅದು ಸರಿ. ಎಂ.ಜಿ. ರಸ್ತೆಗೆ ಕೆ.ಎಸ್‌.ಆರ್. ಬೆಂಗಳೂರಿನಲ್ಲೇ ಇಳಿಯಿರಿ. ಗಾಡಿ ಔಟರ್‌ನಲ್ಲಿ (ನಿಲ್ದಾಣದ ಹೊರಗಿನ ಸಿಗ್ನಲ್ ಹತ್ತಿರ) ನಿಂತರೂ ಲೆಕ್ಕ ಸರಿಹೋಗುತ್ತೆ.

ಇಳಿದ ಮೇಲೆ ಜನ ಮೆಜೆಸ್ಟಿಕ್ ಕಡೆ ಓಡ್ತಾರೆ, ನೀವು ಓಡಬೇಡಿ. ರೈಲು ನಿಲ್ದಾಣದ ಪಕ್ಕವೇ ಸಂಗೊಳ್ಳಿ ರಾಯಣ್ಣ ಹೆಸರಿನ ಮೆಟ್ರೊ ನಿಲ್ದಾಣ ಇದೆ, ಮೆಜೆಸ್ಟಿಕ್‌ಗಿಂತ ಒಂದು ಸ್ಟಾಪ್ ಹಿಂದೆ. ಹಸಿರು ಮಾರ್ಗದ ಜನ ನುಗ್ಗೋದು ಮೆಜೆಸ್ಟಿಕ್‌ನಲ್ಲಿ, ಅಷ್ಟರಲ್ಲಿ ನೀವು ಒಳಗಿರ್ತೀರಿ. ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್, ಐದನೆಯದೇ ಎಂ.ಜಿ. ರಸ್ತೆ. ಟೋಕನ್ ಸಾಲಿಗೆ ನಿಲ್ಲದೆ ಸ್ಮಾರ್ಟ್ ಕಾರ್ಡ್ ಮಾಡಿಸಿ, ಶೇ. 5 ರಿಯಾಯಿತಿಯೂ ಇದೆ.

ಬೇವಿನಮರ:

ತುಂಬಾ ಉಪಕಾರ ಆಯ್ತು. 8:45ರ ಶಿಫ್ಟಿಗೆ ಇವತ್ತೇ ಮೇಲ್ ಹಾಕ್ತೀನಿ. ರೈಲು ಕೈಕೊಟ್ಟ ದಿನ ಬಸ್ಸು? ಡಬ್ಬಿ ವಿಷಯ ಯಾರೂ ಹೇಳಲೇ ಇಲ್ಲ.

ಹುಣಸೆಗೊಜ್ಜು:

ತಂಗಿ, ಬಸ್ಸಿಗೆ ಶಕ್ತಿ ಯೋಜನೆ ಇದೆ. ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ರಾಜಹಂಸ, ಎ.ಸಿ. ಬಸ್ಸಿಗೆ ಅನ್ವಯಿಸಲ್ಲ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರಿಸಬೇಕು. 2023ರಲ್ಲಿ ಶುರುವಾದ ಹೊಸ ಹೆದ್ದಾರಿ ಮಂಡ್ಯದ ಹೊರಗೇ ಹಾದು ಹೋಗುತ್ತೆ, ಮೈಸೂರಿಂದ ಬರೋ ತಡೆರಹಿತ ಬಸ್ಸು ಊರೊಳಗೆ ಬರಲ್ಲ. ಬಸ್ ನಿಲ್ದಾಣಕ್ಕೇ ಹೋಗಿ ಹತ್ತು. ಬೆಂಗಳೂರಲ್ಲಿ ಮೆಜೆಸ್ಟಿಕ್‌ವರೆಗೆ ಕೂರದೆ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದು ದೀಪಾಂಜಲಿ ನಗರದಲ್ಲಿ ಮೆಟ್ರೊ ಹತ್ತು. ಮೈಸೂರು ರಸ್ತೆಯ ಟ್ರಾಫಿಕ್ಕು ತಪ್ಪುತ್ತೆ.

ಡಬ್ಬಿ ಹಳಸೋದು ಹೆಚ್ಚಾಗಿ ಬಿಸಿಬಿಸಿ ತುಂಬಿ ಮುಚ್ಚಳ ಹಾಕೋದ್ರಿಂದ. ಹಬೆ ನೀರಾಗಿ ಅನ್ನದ ಮೇಲೇ ಇಳಿಯುತ್ತೆ. ತಟ್ಟೇಲಿ ಹರಡಿ ಆರಿಸಿ ತುಂಬು. ಹಸಿ ತೆಂಗಿನಕಾಯಿ ಚಟ್ನಿ ಬೇಸಿಗೇಲಿ ಮಧ್ಯಾಹ್ನಕ್ಕೆ ಹುಳಿ ನಾತ ಹೊಡೆಯುತ್ತೆ, ಚಟ್ನಿಪುಡಿ, ಗೊಜ್ಜು, ಪುಳಿಯೋಗರೆ ಇವೇ ಗಟ್ಟಿ. ಮೊಸರನ್ನಕ್ಕೆ ಮೊಸರು ಹಾಕಿಕೊಂಡು ಹೋಗಬೇಡ. ಮೆತ್ತಗೆ ಬೇಯಿಸಿದ ಅನ್ನ ಒಂದು ಲೋಟಕ್ಕೆ ಕಾಯಿಸಿದ ಹಾಲು ಒಂದು ಲೋಟ ಹಾಕಿ ಕಿವುಚು. ಬೆರಳಿಟ್ಟರೆ ಬೆಚ್ಚಗಿದೆ ಅನ್ನುವಷ್ಟು ಆರಿದ ಮೇಲೆ ಅರ್ಧ ಚಮಚ ಮೊಸರು ಬೆರೆಸು. ಉಪ್ಪು ಆಮೇಲೆ ತಿನ್ನೋವಾಗ. ಬೆಳಿಗ್ಗೆ ಐದೂವರೆಗೆ ಕಲಸಿದ್ದು ಒಂದು ಗಂಟೆಗೆ ಹದವಾಗಿ ಹೆಪ್ಪಾಗಿರುತ್ತೆ. ಚಳಿಗಾಲದಲ್ಲಿ ಹೆಪ್ಪು ಒಂದು ಚಮಚ ಮಾಡು.

ವಾಪಸ್ ಬರುವಾಗ ನಿದ್ದೆ ಬಂದರೆ ಗಾಡಿ ಮೈಸೂರಿಗೆ ಕರ್ಕೊಂಡು ಹೋಗುತ್ತೆ. ಮದ್ದೂರು ಬಂದದ್ದು ವಡೆ ಮಾರೋರ ಕೂಗಿಗೇ ಗೊತ್ತಾಗುತ್ತೆ, ಅಲ್ಲಿಂದಾಚೆ ಕಣ್ಣು ಮುಚ್ಚಬೇಡ. ಕೂಗಿಗೂ ಎಚ್ಚರ ಆಗಲ್ಲ ಅನ್ನೋ ಹಾಗಿದ್ದರೆ ರಾಮನಗರ ಬಿಟ್ಟಾಗಲೇ ಫೋನಲ್ಲಿ ಅರ್ಧ ಗಂಟೆಗೆ ಅಲಾರಂ ಇಡು.