ಟ್ರಾನ್ಸ್‌ಫರ್ ಕೇಸ್ ಇಳಿಸೋಕೆ ಈಗಲೇ ಒಪ್ಪಬೇಡಿ ಭಾವ

ಭಾವ, ಫೋರ್ ವೀಲ್ ಬೀಳ್ತಿಲ್ಲ, ಟ್ರಾನ್ಸ್‌ಫರ್ ಕೇಸ್ ಇಳಿಸಬೇಕು ಅಂದ ಗ್ಯಾರೇಜಿನವರಿಗೆ ಇನ್ನೂ ಹೂಂ ಅಂದಿಲ್ಲ ತಾನೇ? ಹಾಗಿದ್ದರೆ ಸ್ವಲ್ಪ ತಡೆಯಿರಿ. ಟೈಪ್ ಮಾಡಿದರೆ ನನಗೂ ಬೇಜಾರು, ನಿಮಗೂ ಅರ್ಥವಾಗಲ್ಲ. ಅದಕ್ಕೇ ಮಾತಲ್ಲೇ ಹೇಳುತ್ತೇನೆ. ಉದ್ದವಾದರೆ ಅಕ್ಕ ಬೈಯಬಾರದು.

ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ ವಿಡಿಯೋ ನೋಡಿದೆ. ನಾಬ್ ಅನ್ನು ಟೂ ಎಚ್‌ನಿಂದ, ಅಂದರೆ ಹಿಂದಿನ ಎರಡು ಚಕ್ರ ಮಾತ್ರ ಎಳೆಯೋದರಿಂದ, ನಾಲ್ಕೂ ಎಳೆಯುವ ಫೋರ್ ಎಚ್‌ಗೆ ತಿರುಗಿಸಿದ ತಕ್ಷಣ ಗಾಡಿ ಕೆಳಗಿಂದ ಝುಂಯ್ ಅಂತ ಮೋಟರ್ ಸದ್ದು ಬರುತ್ತಿದೆ. ಮೀಟರಿನಲ್ಲಿ ಫೋರ್ ವೀಲ್ ದೀಪ ಮಿಣಮಿಣ ಅನ್ನುತ್ತಲೇ ಇದೆ, ನಿಂತು ಉರಿಯುತ್ತಿಲ್ಲ. ಗದ್ದೆಯಲ್ಲಿ ಹಿಂದಿನ ಚಕ್ರ ಸುತ್ತಿ ಸುತ್ತಿ ಹೂತುಕೊಳ್ಳುತ್ತಿದೆ, ಮುಂದಿನದು ಸುಮ್ನೆ ನಿಂತಿದೆ. ಇಷ್ಟು ನೋಡಿದರೇ ಅರ್ಧ ವಿಷಯ ಗೊತ್ತಾಗುತ್ತದೆ. ಸದ್ದು ಬರುತ್ತಿದೆ ಅಂದಮೇಲೆ ಫ್ಯೂಸ್, ನಾಬ್ ಸರಿ ಇವೆ, ಮೋಟರಿಗೆ ಕರೆಂಟು ಹೋಗುತ್ತಿದೆ. ದೀಪ ಮಿಣುಕುತ್ತಿದೆ ಅಂದರೆ, ಹಾಕು ಅಂತ ಹೇಳಿಯಾಗಿದೆ, ಬಿತ್ತು ಅನ್ನೋ ಉತ್ತರ ವಾಪಸ್ ಬಂದಿಲ್ಲ.

ನಿಮ್ಮ ಗಾಡಿಯಲ್ಲಿ ಫೋರ್ ವೀಲ್ ಬೀಳಬೇಕಾದ್ದು ಎರಡು ಕಡೆ. ಒಂದು, ಗೇರ್‌ಬಾಕ್ಸ್ ಹಿಂದೆ ಇರುವ, ಮುಂದಿನ ಚಕ್ರಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್. ಆ ಮೋಟರ್ ಅಲ್ಲಿ ಮುಂದಿನ ಪ್ರೊಪೆಲರ್ ಶಾಫ್ಟನ್ನು, ಅಂದರೆ ಮುಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಉದ್ದನೆ ಕಂಬಿಯನ್ನು, ಜೋಡಿಸುತ್ತದೆ. ಇನ್ನೊಂದು, ಮುಂದಿನ ಆಕ್ಸಲ್. ನೀವು ಹಾಕಿದ ಫೋಟೋದಲ್ಲಿ ಆಕ್ಸಲ್ ಹೌಸಿಂಗ್ ಮೇಲೆ ದುಂಡನೆ ಡಬ್ಬಿ, ಅದಕ್ಕೆ ಎರಡು ಸಣ್ಣ ರಬ್ಬರ್ ಪೈಪು ಕಾಣುತ್ತಿದೆಯಲ್ಲ, ಅದು ವ್ಯಾಕ್ಯೂಮಿನಿಂದ, ಅಂದರೆ ಗಾಳಿ ಎಳೆತದಿಂದ, ಕೆಲಸ ಮಾಡುತ್ತದೆ. ಒಂದು ಪಕ್ಕದ ಆಕ್ಸಲ್ ಶಾಫ್ಟ್ ಎರಡು ತುಂಡಾಗಿರುತ್ತದೆ, ಡಬ್ಬಿ ಅದನ್ನು ಸೇರಿಸುತ್ತದೆ, ಬಿಡಿಸುತ್ತದೆ. ಅದು ಸೇರದಿದ್ದರೆ ಪ್ರೊಪೆಲರ್ ಶಾಫ್ಟ್ ತಿರುಗಿದರೂ, ಎರಡು ಪಕ್ಕಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಬಿಡಿಯಾಗಿರುವ ಆ ಪಕ್ಕಕ್ಕೇ ಸುರಿದುಬಿಡುತ್ತದೆ. ನೊಗ ಹೆಗಲ ಮೇಲಿದೆ, ಜೊತ್ತಿಗೆ ಕಟ್ಟಿಲ್ಲ ಅನ್ನೋ ಹಾಗೆ. ಮುಂದಿನ ಎರಡು ಚಕ್ರವೂ ಎಳೆಯಲ್ಲ.

ಈಗ ತಪ್ಪು ಯಾವ ಕಡೆ ಅಂತ ನೋಡಬೇಕು, ಅದಕ್ಕೆ ಕಾಸು ಬೇಡ. ಗಾಡಿಯನ್ನು ಸಮನಾದ ಮಣ್ಣು ನೆಲದಲ್ಲಿ ಸ್ಟಾರ್ಟ್ ಮಾಡಿ, ಸ್ಟೇರಿಂಗ್ ನೇರ ಇಟ್ಟು, ಫೋರ್ ಎಚ್‌ಗೆ ಹಾಕಿ, ಮೆಲ್ಲಗೆ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ. ನಾಬ್ ಹಾಗೇ ಇರಲಿ. ಎಂಜಿನ್ ಆಫ್ ಮಾಡಿ, ಫಸ್ಟ್ ಗೇರಿನಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಕೀ ಜೇಬಿನಲ್ಲಿರಲಿ, ಮಕ್ಕಳ ಕೈಗೆ ಸಿಗಬಾರದು. ಆಮೇಲೆ ಕೆಳಗೆ ಹೋಗಿ ಮುಂದಿನ ಪ್ರೊಪೆಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಅಲ್ಲಾಡದೆ ಬಿಗಿಯಾಗಿದ್ದರೆ ಟ್ರಾನ್ಸ್‌ಫರ್ ಕೇಸ್ ಬಹುತೇಕ ತನ್ನ ಕೆಲಸ ಮಾಡಿದೆ, ಅದನ್ನು ಈಗಲೇ ಬಿಚ್ಚೋದು ದಂಡ. ಸಲೀಸಾಗಿ ತಿರುಗಿದರೆ ಮಾತ್ರ ತಪ್ಪು ಆ ಕಡೆ.

ನನಗೆ ಅನುಮಾನ ಇರೋದು ಪೈಪುಗಳ ಮೇಲೆ. ನೀವು ಗಾಡಿ ನಿಲ್ಲಿಸೋದು ಆಲೆಮನೆ ಪಕ್ಕ. ಕಬ್ಬು, ಬೆಲ್ಲ, ಒಣಗಿದ ಸಿಪ್ಪೆ ಇರೋ ಕಡೆ ಇಲಿ ಇಲ್ಲದೆ ಇರುತ್ತದಾ? ಇಲಿಗೆ ಆ ರಬ್ಬರ್ ಅಂದರೆ ಬಲು ಇಷ್ಟ. ಕಡಿಯದಿದ್ದರೂ ಹಳೇ ರಬ್ಬರು ಬಿಸಿಗೆ ಸೀಳುತ್ತದೆ, ಮೇಲಿಂದ ನೋಡಿದರೆ ಕಾಣಲ್ಲ, ಬಗ್ಗಿಸಿದರೆ ಬಾಯಿ ಬಿಡುತ್ತದೆ. ಡಬ್ಬಿಯಿಂದ ಹಿಡಿದು ಎಂಜಿನ್ ಪಕ್ಕದಲ್ಲಿ ಕರೆಂಟಿನಿಂದ ವ್ಯಾಕ್ಯೂಮಿನ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವಿನ ತನಕ ಬೆರಳಾಡಿಸಿಕೊಂಡು ಹೋಗಿ. ಬಿಚ್ಚುವ ಮುಂಚೆ ಒಂದು ಪೈಪಿಗೆ ದಾರ ಕಟ್ಟಿ ಗುರುತಿಟ್ಟುಕೊಳ್ಳಿ. ಒಂದು ಸೇರಿಸೋಕೆ, ಒಂದು ಬಿಡಿಸೋಕೆ. ಅದಲು ಬದಲಾದರೆ ಹೊಸ ತಲೆನೋವು.

ಡಬ್ಬಿಯ ಒಳಗಿನ ಡಯಾಫ್ರಂ, ಅಂದರೆ ರಬ್ಬರ್ ಪೊರೆ, ಹರಿದಿದೆಯಾ ಅಂತಲೂ ನೋಡಬಹುದು. ಒಂದು ಶುದ್ಧ ಪೈಪ್ ತುಂಡನ್ನು ಡಬ್ಬಿಗೆ ಸಿಕ್ಕಿಸಿ, ಬಾಯಲ್ಲಿ ಗಾಳಿ ಎಳೆದು, ತುದಿಗೆ ನಾಲಿಗೆ ಒತ್ತಿ. ನಾಲಿಗೆ ಅಂಟಿಕೊಂಡೇ ಇದ್ದರೆ ಡಯಾಫ್ರಂ ಚೆನ್ನಾಗಿದೆ. ಗಾಳಿ ಸರಾಗ ಬರುತ್ತಿದ್ದರೆ ಹೋಗಿದೆ. ಡಬ್ಬಿಯಲ್ಲಿ ಇನ್ನೊಂದು ಪೈಪು ಕೂರುವ ಮೂತಿಗೂ ಹಾಗೇ ಮಾಡಿ. ನಗಬೇಡಿ, ಹ್ಯಾಂಡ್ ಪಂಪ್ ಇಲ್ಲದ ಕಡೆ ಇದೇ ಗತಿ.

ಬ್ರೇಕ್ ಹೇಗಿದೆ? ಡೀಸೆಲ್ ಗಾಡಿಯಲ್ಲಿ ಸಾಮಾನ್ಯವಾಗಿ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೂ ಈ ಡಬ್ಬಿಗೂ ವ್ಯಾಕ್ಯೂಮ್ ಕೊಡೋದು ಒಂದೇ ಪಂಪು. ಎಂಜಿನ್ ಓಡುವಾಗಲೂ ಪೆಡಲ್ ಕಲ್ಲಿನಂತೆ ಗಟ್ಟಿ ಅನ್ನಿಸಿದರೆ ಫೋರ್ ವೀಲ್ ವಿಷಯ ಬಿಡಿ, ಮೊದಲು ಅದನ್ನು ತೋರಿಸಿ. ಪಾಂಡವಪುರದ ತನಕವೂ ಓಡಿಸಿಕೊಂಡು ಹೋಗಬೇಡಿ.

ಪೈಪು, ಡಬ್ಬಿ ಎರಡೂ ಸರಿ ಇದ್ದರೆ ವೈರಿಂಗಿನವರಿಗೆ ಹೇಳಿ ಸೊಲೆನಾಯ್ಡ್‌ಗೆ ಕರೆಂಟ್ ಬರುತ್ತಿದೆಯಾ ನೋಡಿಸಿ. ಹೌಸಿಂಗ್ ಮೇಲಿನ ಸಣ್ಣ ಸ್ವಿಚ್ಚನ್ನೂ. ಅದು ಕೆಟ್ಟರೆ ಫೋರ್ ವೀಲ್ ಬಿದ್ದಿದ್ದರೂ ದೀಪ ಮಿಣುಕುತ್ತದೆ. ನಿಮ್ಮದು ಹಾಗಲ್ಲ, ಮುಂದಿನ ಚಕ್ರ ಎಳೆಯುತ್ತಲೇ ಇಲ್ಲವಲ್ಲ.

ಶಾಫ್ಟ್ ಸಲೀಸಾಗಿ ತಿರುಗಿತು ಅಂದುಕೊಳ್ಳಿ, ಆಗಲೂ ಟ್ರಾನ್ಸ್‌ಫರ್ ಕೇಸ್ ಇಳಿಸೋದು ಕೊನೆಗೆ. ಬ್ಯಾಟರಿ ನೋಡಿಸಿ, ಎಂಜಿನ್ ಆಫ್ ಇದ್ದಾಗ 12.5 ವೋಲ್ಟ್ ಆಸುಪಾಸು ಇರಬೇಕು. ಮೋಟರಿನ ಕನೆಕ್ಟರ್ ಬಿಚ್ಚಿ, ಕೆಸರು, ಹಸಿರು ತುಕ್ಕು ಇದ್ದರೆ ತೆಗೆಸಿ. ಸದ್ದು ಬಂದರೂ ಮೋಟರ್ ಪೂರ್ತಿ ತಿರುಗದೇ ಇರಬಹುದು. ಮೋಟರನ್ನು ಹೊರಗಡೆಯಿಂದಲೇ ಬಿಚ್ಚಬಹುದು. ತಿಂಗಳುಗಟ್ಟಲೆ ಫೋರ್ ವೀಲ್ ಹಾಕದೇ ಇದ್ದರೂ ಒಳಗಿನ ಭಾಗ ಬಿಗಿ ಹಿಡಿಯುತ್ತದೆ. ಸರಿಯಾದ ಮೇಲೆ ತಿಂಗಳಿಗೊಮ್ಮೆಯಾದರೂ ನಾಲೆ ಏರಿ ಮೇಲಿನ ಮಣ್ಣು ರಸ್ತೆಯಲ್ಲಿ ಹಾಕಿ ಓಡಿಸಿ.

ಟಾರ್ ರಸ್ತೆಯಲ್ಲಿ ಮಾತ್ರ ಟೆಸ್ಟ್ ಮಾಡಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು, ಹಿಂದಿನದು ಕಮ್ಮಿ. ಈ ಥರದ ಗಾಡಿಯಲ್ಲಿ ಮುಂದಿನ ಹಿಂದಿನ ಶಾಫ್ಟಿನ ಮಧ್ಯೆ ಡಿಫರೆನ್ಷಿಯಲ್ ಇಲ್ಲ, ಒಣಗಿದ ಟಾರಿನಲ್ಲಿ ಚಕ್ರ ಜಾರೋಕೂ ಆಗಲ್ಲ, ಎಲ್ಲ ಬಿಗಿದುಕೊಳ್ಳುತ್ತದೆ. ಆಗ ಫೋರ್ ವೀಲ್ ಬಿಡೋದೇ ಇಲ್ಲ. ಹಾಗೇನಾದರೂ ಆದರೆ ನೇರಕ್ಕೆ ಸ್ವಲ್ಪ ರಿವರ್ಸ್ ತಗೊಳ್ಳಿ, ಬಿಡುತ್ತದೆ. ಫೋರ್ ಎಲ್, ಅಂದರೆ ನಿಧಾನಕ್ಕೆ ಜಾಸ್ತಿ ಬಲದಿಂದ ಎಳೆಯೋದು, ಬೇಕಾದರೆ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ನ್ಯೂಟ್ರಲ್‌ನಲ್ಲೇ ಹಾಕಿ.

ದೊಡ್ಡಮ್ಮ ದೃಷ್ಟಿ ಆಗಿದೆ, ನಿಂಬೆಹಣ್ಣು ಕಟ್ಟಿಸು ಅಂದಿದ್ದಾರೆ. ಕಟ್ಟಿ, ನಾನು ಬೇಡ ಅನ್ನಲ್ಲ. ಪೈಪ್ ನೋಡಿದ ಮೇಲೆ ಕಟ್ಟಿ.

ಅಲ್ಲಿವರೆಗೆ ಲೋಡ್ ಹಾಕಿಕೊಂಡು ಗದ್ದೆಗೆ ಇಳಿಸಬೇಡಿ, ರಸ್ತೆಯಲ್ಲೇ ನಿಲ್ಲಿಸಿ ಟ್ರ್ಯಾಕ್ಟರಿನಲ್ಲಿ ಹೊರಿಸಿ. ಸಂಜೆ ಶಾಫ್ಟ್ ತಿರುಗಿಸಿ ನೋಡಿ, ಬಿಗಿಯೋ ಸಲೀಸೋ ಅಷ್ಟು ಹೇಳಿ ಸಾಕು. ಡಬ್ಬಿಯ ಫೋಟೋ ಇನ್ನೊಂದು ಹತ್ತಿರದಿಂದ ತೆಗೆದು ಹಾಕಿ, ಟಾರ್ಚ್ ಬಿಟ್ಟುಕೊಂಡು.