'ರೀಡ್ ದ ರಯಟ್ ಆ್ಯಕ್ಟ್' ಅಂದ್ರೆ ಬೈಯೋದಾ?

ಪುಸ್ತಕದಹುಳ:
ಒಂದು ಇಂಗ್ಲಿಷ್ ಕಾದಂಬರಿ ಓದ್ತಿದೀನಿ, ಮಗ ರಾತ್ರಿ ಎರಡು ಗಂಟೆಗೆ ಮನೆಗೆ ಬರ್ತಾನೆ, ಅಪ್ಪ ಬಾಗಿಲಲ್ಲೇ ನಿಲ್ಸಿ 'ರೆಡ್ ಹಿಮ್ ದ ರಯಟ್ ಆ್ಯಕ್ಟ್' ಅಂತಿದೆ. ಟ್ರಾನ್ಸ್‌ಲೇಟರಿಗೆ ಹಾಕಿದ್ರೆ 'ಗಲಭೆ ಕಾಯ್ದೆ ಓದಿದನು' ಅಂತು 😂 ಅಪ್ಪ ಮಗನಿಗೆ ಕಾಯ್ದೆ ಯಾಕೆ ಓದ್ತಾನೆ ಮಾರಾಯ್ರೆ? ಗೊತ್ತಿದ್ದೋರು ಹೇಳಿ.

ಸುಮ್ನಿರಿ:
ಮಂಗಳಾರತಿ ಎತ್ತಿದ ಅಂತ. ಅಷ್ಟೇ.

ಹಳೇಕಡತ:
ಅಷ್ಟೇ ಅಲ್ಲ. ಅದು ನಿಜವಾದ ಕಾಯ್ದೆನೇ, ಅದನ್ನ ನಿಜವಾಗ್ಲೂ ಗಟ್ಟಿಯಾಗಿ ಓದ್ತಿದ್ರು. ಒಂದನೇ ಜಾರ್ಜ್ ಪಟ್ಟಕ್ಕೆ ಬಂದಾಗ ಬ್ರಿಟನ್ನಲ್ಲಿ ಅಲ್ಲಲ್ಲಿ ದೊಂಬಿ ಎದ್ದಿತ್ತು, ಅದಕ್ಕೇ ತಂದಿದ್ದು, 1715ರ ಆಗಸ್ಟಿಂದ ಜಾರಿ. 12 ಜನ ಅಥವಾ ಜಾಸ್ತಿ ಸೇರ್ಕೊಂಡು ಗಲಾಟೆ ಮಾಡ್ತಿದ್ರೆ ಮ್ಯಾಜಿಸ್ಟ್ರೇಟೋ ಮೇಯರೋ ಎದುರಿಗೇ ಹೋಗಿ ನಿಂತು, ದೊರೆಯ ಅಪ್ಪಣೆ ಆಗಿದೆ, ಎಲ್ಲಾರೂ ಈ ಕೂಡ್ಲೆ ಚದುರಿ ನಿಮ್ಮ ನಿಮ್ಮ ಮನೆಗೋ ಕೆಲಸಕ್ಕೋ ಹೋಗಿ ಅನ್ನೋ ಅರ್ಥದ ನಾಕು ಸಾಲು ಓದ್ಬೇಕು, ಓದಿ ಒಂದು ಗಂಟೆ ಆದ್ಮೇಲೂ 12 ಜನ ಅಲ್ಲೇ ಇದ್ರೆ ಗಲ್ಲಿಗೆ ಹಾಕೋ ಅಪರಾಧ, ಆಮೇಲೆ ಚದುರಿಸೋವಾಗ ಯಾರಾದ್ರೂ ಸತ್ರೂ ಚದುರಿಸಿದವರ ಮೇಲೆ ಕೇಸಿಲ್ಲ. ಕಲ್ಲು ಬೀಳ್ತಿರೋವಾಗ ಕಾಗದ ಹಿಡ್ಕೊಂಡು ಓದೋನ ಪಾಡು ನೆನೆಸ್ಕೊಳ್ಳಿ!

ಸುಮ್ನಿರಿ:
ಆ ಗದ್ದಲದಲ್ಲಿ ಯಾರಿಗೂ ಕೇಳಿಸ್ಲೇ ಇಲ್ಲ ಅಂದ್ರೆ?

ಹಳೇಕಡತ:
ಒಳ್ಳೆ ಪ್ರಶ್ನೆ. 1819ರಲ್ಲಿ ಮ್ಯಾಂಚೆಸ್ಟರಿನ ಪೀಟರ್ಲೂ ಹತ್ಯಾಕಾಂಡದಲ್ಲಿ (ಸಭೆ ಸೇರಿದ್ದ ಜನರ ಮೇಲೆ ಕುದುರೆ ಸೈನಿಕರು ನುಗ್ಗಿದ್ದು) ಇದೇ ಜಗಳ ಆಗಿದ್ದು, ಓದಿದೀವಿ ಅಂತ ಮ್ಯಾಜಿಸ್ಟ್ರೇಟ್‌ಗಳು, ನಮ್ಮ ಕಿವಿಗೆ ಬೀಳ್ಲೇ ಇಲ್ಲ ಅಂತ ಜನ. ಒಂದು ಪದ ಬಿಟ್ರೂ ಕಷ್ಟ ಇತ್ತು, ಕೊನೇಲಿ 'ಗಾಡ್ ಸೇವ್ ದ ಕಿಂಗ್' ಅನ್ನೋದು ಬಿಟ್ಟೋಗಿತ್ತು ಅಂತ 1830ರಲ್ಲಿ ಒಂದು ಕೇಸೇ ಬಿದ್ದೋಯ್ತು. ಈಗ ಆ ಕಾಯ್ದೆ ಇಲ್ಲ, ಮಾತು ಮಾತ್ರ ಉಳ್ಕೊಂಡಿದೆ.

ಪುಸ್ತಕದಹುಳ:
ಓಹ್! ಹಾಗಾದ್ರೆ ಮಂಗಳಾರತಿಗಿಂತ ಒಂದು ಕೈ ಮೇಲೆ, ಬೈದಿದ್ದಲ್ದೆ 'ಇದೇ ಕೊನೇ ಸಲ ಹೇಳ್ತಿರೋದು, ಆಮೇಲೆ ನನ್ನ ಕೇಳ್ಬೇಡ' ಅನ್ನೋದೂ ಸೇರಿದೆ. ಈಗ ಅರ್ಥ ಆಯ್ತು, ಮುಂದಿನ ಪುಟದಲ್ಲಿ ಕಾರಿನ ಕೀ ಅಪ್ಪನ ಜೇಬಲ್ಲಿದೆ.